ಚುಕ್ಕಿಯ ಆಚೆ ಏನಿದೆ? ಸರ್ವೆ ಅಳತೆ ಸೈಟಿನ ನಕ್ಷೆಯಾಗುವ ಬಗೆ

ಕೆಲವು ವರ್ಷಗಳ ಹಿಂದೆ ದಾವಣಗೆರೆಯ ಶಾಮನೂರು ಕಡೆಯ ಒಂದು ಸೈಟಿನ ನಕ್ಷೆ ಬಿಡಿಸಿದ್ದೆ. ಕೋನ, ದೂರ ಎರಡನ್ನೂ ಅಳೆಯುವ ಸರ್ವೆ ಉಪಕರಣ ಟೋಟಲ್ ಸ್ಟೇಷನ್‌ನಿಂದ ಇಳಿಸಿದ ಫೈಲಿನಲ್ಲಿ ಸೈಟಿನ ನಾಲ್ಕು ಮೂಲೆ, ರಸ್ತೆಯ ಅಂಚಿನ ಎರಡು ಬಿಂದು, ಒಂದು ಕರೆಂಟ್ ಕಂಬ ಇದ್ದವು. ಅದನ್ನು ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆಟೋಕ್ಯಾಡಿಗೆ ಹಾಕಿ ಗೆರೆ ಕೂಡಿಸಿದೆ. ನಾಲ್ಕು ಬದಿಯ ಉದ್ದ ಪತ್ರದ ಅಳತೆಗೆ ತಾಳೆಯಾಯಿತು, ಎರಡೂ ಕರ್ಣ ತಾಳೆಯಾದವು, ವಿಸ್ತೀರ್ಣ ಒಂದು ಚದರಡಿಯೂ ಆಚೀಚೆ ಆಗಲಿಲ್ಲ. ಪ್ರಿಂಟ್ ತೆಗೆದುಕೊಟ್ಟೆ. ಸೈಟಿನ ಯಜಮಾನರು ಹಾಳೆಯನ್ನು ಮೇಜಿನ ಮೇಲೆ ಹರಡಿ, ಬೆರಳಿಟ್ಟು ಒಂದು ಸುತ್ತು ನೋಡಿ ಕೇಳಿದರು: "ತಮ್ಮಾ, ರೋಡು ಬಡಗಲಕ್ಕೆ ಬಂದೈತಲ್ಲ? ನಮ್ದು ಮೂಡಲ ರೋಡು ಐತಿ."

ಅವರು ಹೇಳಿದ್ದೇ ಸರಿ. ಆಟೋಕ್ಯಾಡಿಗೆ ಬಿಂದು ಕೊಡುವಾಗ ಮೊದಲು ಎಕ್ಸ್, ಆಮೇಲೆ ವೈ. ಎಕ್ಸ್ ಅಂದರೆ ಪೂರ್ವಕ್ಕೆ ಎಷ್ಟು ಅನ್ನುವ ಅಳತೆ, ಅದೇ ಈಸ್ಟಿಂಗ್. ವೈ ಅಂದರೆ ಉತ್ತರಕ್ಕೆ ಎಷ್ಟು, ಅದು ನಾರ್ಥಿಂಗ್. ಸರ್ವೆ ಉಪಕರಣದಿಂದ ಬರುವ ಫೈಲಿನಲ್ಲಿ ಬಹಳ ಸಲ ನಾರ್ಥಿಂಗ್ ಮೊದಲಿರುತ್ತದೆ. ನಾನು ಕಾಲಮ್ಮಿನ ತಲೆಬರಹ ನೋಡದೆ ಹಾಗೇ ಅಂಟಿಸಿದ್ದೆ. ಉತ್ತರ ಪೂರ್ವವಾಯಿತು, ಪೂರ್ವ ಉತ್ತರವಾಯಿತು.

ಉತ್ತರದ ಬಾಣವನ್ನು ತಿರುಗಿಸಿಬಿಟ್ಟರೆ ಸರಿಹೋಗುತ್ತದೆ ಎಂದು ಅನ್ನಿಸಬಹುದು. ಹೋಗುವುದಿಲ್ಲ. ಈ ಎರಡು ಅಂಕಿ ಅದಲುಬದಲಾದರೆ ಆಕೃತಿ ತಿರುಗುವುದಿಲ್ಲ, ಕನ್ನಡಿಯಲ್ಲಿ ಕಂಡಂತೆ ಮಗುಚಿಕೊಳ್ಳುತ್ತದೆ. ಬಲಗೈ ಹಸ್ತವನ್ನು ಎಷ್ಟು ತಿರುಗಿಸಿದರೂ ಎಡಗೈ ಆಗುವುದಿಲ್ಲವಲ್ಲ, ಹಾಗೆ. ರಸ್ತೆಯಲ್ಲಿ ನಿಂತು ನೋಡಿದರೆ ಎಡಗಡೆ ಕಿರಿದಾಗುವ ಸೈಟು ನಕ್ಷೆಯಲ್ಲಿ ಬಲಗಡೆ ಕಿರಿದಾಗುತ್ತದೆ. ಭಯ ಹುಟ್ಟಿಸುವ ಸಂಗತಿ ಏನೆಂದರೆ, ಮಗುಚಿದ ಆಕೃತಿಯ ಬದಿಗಳು ಅಷ್ಟೇ, ಕರ್ಣಗಳು ಅಷ್ಟೇ, ವಿಸ್ತೀರ್ಣವೂ ಅಷ್ಟೇ. ನಾನು ನೆಚ್ಚಿಕೊಂಡಿದ್ದ ಮೂರು ಪರೀಕ್ಷೆಗಳೂ ಈ ತಪ್ಪನ್ನು ಹಿಡಿಯಲಾರವು. ಹಿಡಿಯುವುದು ಚೆಕ್ಕುಬಂದಿ ಮಾತ್ರ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥ ನಂಬರಿನ ಸೈಟು, ಉತ್ತರಕ್ಕೆ ಇಂಥವರ ಮನೆ ಎಂದು ಪತ್ರದಲ್ಲಿ ಬರೆದಿರುವ ನಾಲ್ಕು ಸಾಲು. ಅಂದಿನಿಂದ ಗೆರೆ ಎಳೆಯುವ ಮುಂಚೆ ಆ ನಾಲ್ಕು ಸಾಲನ್ನು ಓದಿ, ಕಚ್ಚಾ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿಕೊಂಡೇ ಕೂರುತ್ತೇನೆ.

ಆಟೋಕ್ಯಾಡ್ 1982ರಿಂದ ಇದೆ. ಅದರ ಕೈ ಅಚ್ಚುಕಟ್ಟು, ನೀವು ಹೇಳಿದ ಅಂಕಿಗೆ ಕೂದಲೆಳೆಯಷ್ಟೂ ತಪ್ಪದೆ ಗೆರೆ ಎಳೆಯುತ್ತದೆ. ಆದರೆ ಆ ಅಂಕಿ ಕಾಗದದ ಮೇಲೆ ಏನನ್ನು ಹೇಳುತ್ತಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ನಕ್ಷೆ ಬಿಡಿಸುವವನು ತಿಳಿದಿರಬೇಕು. ಕಮಾಂಡುಗಳನ್ನು ಕಲಿಸುವ ವಿಡಿಯೋ ಬೇಕಾದಷ್ಟಿವೆ. ಅಂಕಿಯನ್ನು ಓದುವುದು ಹೇಗೆ ಅನ್ನುವುದನ್ನು ಹೇಳುವವರು ಕಡಿಮೆ, ಹಾಗಾಗಿ ನಾನು ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತೇನೆ.

ನಾಲ್ಕು ಬಗೆಯ ಚುಕ್ಕಿ

ನಮ್ಮ ಊರಿನ ಕ್ರಯಪತ್ರಗಳಲ್ಲಿ, ಮೇಸ್ತ್ರಿಗಳ ಚೀಟಿಗಳಲ್ಲಿ 40.6 ಎಂದು ಬರೆದಿರುತ್ತದೆ. ಅದರ ಅರ್ಥ 40 ಅಡಿ 6 ಇಂಚು. ಅದನ್ನು ಹಾಗೇ ಕಂಪ್ಯೂಟರಿಗೆ ಹೊಡೆದರೆ ಅದು 40 ಅಡಿ ಮತ್ತು ಒಂದು ಅಡಿಯ ಹತ್ತರಲ್ಲಿ ಆರು ಭಾಗ ಎಂದುಕೊಳ್ಳುತ್ತದೆ, ಅಂದರೆ 40 ಅಡಿ 7.2 ಇಂಚು. ಒಂದಿಂಚಿನ ಮೇಲೆ ತಪ್ಪು. 40.10 ಎಂದಿದ್ದರೆ ಇನ್ನೂ ಕೆಟ್ಟದು: ಬರೆದವರ ಮನಸ್ಸಿನಲ್ಲಿ 40 ಅಡಿ 10 ಇಂಚು, ಕಂಪ್ಯೂಟರಿಗೆ ಅದು 40.1, ಅಂದರೆ 40 ಅಡಿ ಒಂದು ಚಿಲ್ಲರೆ ಇಂಚು. ಮುಕ್ಕಾಲು ಅಡಿಯಷ್ಟು ಜಾಗ ಒಂದು ಚುಕ್ಕಿಯಲ್ಲಿ ಮಾಯ. ಇಲ್ಲಿ ಚುಕ್ಕಿಯ ಆಚೆ ಇರುವುದು ಹನ್ನೆರಡರ ಲೆಕ್ಕ.

ಪಹಣಿ ತೆಗೆದು ನೋಡಿ. ವಿಸ್ತೀರ್ಣದ ಕಾಲಮ್ಮಿನಲ್ಲಿ 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಅದು ಎರಡೂವರೆ ಎಕರೆ, ದಶಮಾಂಶದಲ್ಲಿ 2.5. ಕ್ಯಾಲ್ಕುಲೇಟರಿನಲ್ಲಿ 2.20 ಎಂದೇ ಒತ್ತಿ ಚದರಡಿಗೆ ತಿರುಗಿಸಿದರೆ 12 ಗುಂಟೆ ಕಳೆದುಹೋಗುತ್ತದೆ. ಇದು ನಲವತ್ತರ ಲೆಕ್ಕ.

ಟಿಪ್ಪಣಿ ನಕಲಿನಲ್ಲಿ, ಅಂದರೆ ಕಂದಾಯ ಸರ್ವೆಯವರು ಹೊಲ ಅಳೆದು ಬರೆದಿಟ್ಟ ಕಚ್ಚಾ ನಕ್ಷೆಯ ಪ್ರತಿಯಲ್ಲಿ, ಅಳತೆ ಸರಪಳಿ ಮತ್ತು ಆಣೆಯಲ್ಲಿರುತ್ತದೆ. ರೂಪಾಯಿಗೆ ಹದಿನಾರಾಣೆ ಇದ್ದಂತೆ ಸರಪಳಿಗೂ ಹದಿನಾರಾಣೆ. 4-08 ಎಂದರೆ ನಾಲ್ಕು ಸರಪಳಿ ಎಂಟಾಣೆ, ಅಂದರೆ ನಾಲ್ಕೂವರೆ. ಇದನ್ನು ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ ಬೇರೆಯೇ ಗೋಳು: ಅದು ತಾರೀಖು ಎಂದುಕೊಂಡು ಅಳತೆಯನ್ನು ತಿಂಗಳಾಗಿ ಮಾಡಿ ಕೂರಿಸುತ್ತದೆ. ಆದ್ದರಿಂದ ಸರಪಳಿಗೊಂದು ಕಾಲಮ್ಮು, ಆಣೆಗೊಂದು ಕಾಲಮ್ಮು ಬೇರೆ ಬೇರೆ ಇಟ್ಟು, ಮೂರನೆಯದರಲ್ಲಿ ಸೂತ್ರ ಹಾಕುವುದು ಒಳ್ಳೆಯದು.

ಕೊನೆಯದು ಅರವತ್ತರ ಲೆಕ್ಕ, ಕೋನದ್ದು. ಅನೇಕ ಟೋಟಲ್ ಸ್ಟೇಷನ್ನುಗಳಲ್ಲಿ 12 ಡಿಗ್ರಿ 30 ನಿಮಿಷ 15 ಸೆಕೆಂಡನ್ನು 12.3015 ಎಂದು ತುಂಬಿಸುತ್ತಾರೆ, ಓದುತ್ತಾರೆ. ಅದನ್ನೇ ದಶಮಾಂಶ ಡಿಗ್ರಿ ಎಂದು ಆಟೋಕ್ಯಾಡಿಗೆ ಕೊಟ್ಟರೆ 12 ಡಿಗ್ರಿ 18 ನಿಮಿಷ ಆಗುತ್ತದೆ. ಸ್ಕ್ರೀನಿನ ಮೇಲೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಆದರೆ 100 ಮೀಟರ್ ದೂರ ಹೋಗುವಷ್ಟರಲ್ಲಿ ಬಿಂದು ಸುಮಾರು 35 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಒಂದಡಿಗಿಂತ ಹೆಚ್ಚು. ಅದಕ್ಕೇ ಕೋನವನ್ನು ಕೊಡುವಾಗ ಡಿಗ್ರಿಗೆ ಡಿ ಅಕ್ಷರ, ನಿಮಿಷಕ್ಕೆ ಒಂಟಿ ಗೀಟು, ಸೆಕೆಂಡಿಗೆ ಜೋಡಿ ಗೀಟು ಹಾಕಿಯೇ ಟೈಪ್ ಮಾಡಬೇಕು.

ಹನ್ನೆರಡು, ಹದಿನಾರು, ನಲವತ್ತು, ಅರವತ್ತು. ಕಾಗದದ ಮೇಲೆ ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ ಚುಕ್ಕಿ. ನನ್ನ ಬಳಿ ಕೆಲಸ ಕಲಿಯಲು ಬರುವ ಹುಡುಗರಿಗೆ ಮೌಸು ಮುಟ್ಟುವ ಮುಂಚೆ ನಾನು ಮಾಡಿಸುವುದು ಇದೊಂದೇ ಕೆಲಸ: ಎಲ್ಲ ಅಳತೆಗಳನ್ನೂ ಒಂದೇ ಮಾನಕ್ಕೆ ತಂದು ಹಾಳೆಯಲ್ಲಿ ಬರೆದುಕೊಳ್ಳುವುದು. ಅದಾದ ಮೇಲೆ ಆಟೋಕ್ಯಾಡಿನ ಯೂನಿಟ್ಸ್ ತೆರೆದು, ಮಾನ ಯಾವುದೆಂದು ನೋಡುವುದು. ಆರ್ಕಿಟೆಕ್ಚರಲ್ ಎಂದಿದ್ದರೆ ಅದರ ಒಂದು ಮಾನ ಒಂದು ಇಂಚು. 40 ಎಂದು ಒತ್ತಿದರೆ 40 ಇಂಚಿನ ಗೆರೆ ಬರುತ್ತದೆ. ಡೆಸಿಮಲ್ ಎಂದಿದ್ದರೆ ಅಡಿಯ ಗೀಟನ್ನು ಅದು ಒಪ್ಪುವುದೇ ಇಲ್ಲ. ಸೈಟಿನ ಪತ್ರ ಅಡಿಯಲ್ಲಿದ್ದು, ಸರ್ವೆ ಫೈಲು ಮೀಟರಿನಲ್ಲಿದ್ದರೆ ನಾನು ಮೀಟರಿನಲ್ಲೇ ಬಿಡಿಸಿ, ಅಡಿಯನ್ನು ಬರಹದಲ್ಲಿ ಪಕ್ಕಕ್ಕೆ ತೋರಿಸುತ್ತೇನೆ. ಅಳೆದ ಮಾನದಲ್ಲೇ ಬಿಡಿಸಿದರೆ ಅನುಮಾನ ಬಂದಾಗ ಮೂಲ ಫೈಲಿನ ಜೊತೆ ಇಟ್ಟು ನೋಡಬಹುದು.

ನಾಲ್ಕು ಬದಿ ಸಾಲದು

ಹಳೇ ಮರದ ಮಂಚ ಅಲುಗಾಡುವುದನ್ನು ನೋಡಿದ್ದೀರಲ್ಲ. ಅಲುಗಾಡುವಾಗ ನಾಲ್ಕು ಪಟ್ಟಿಯ ಉದ್ದ ಬದಲಾಗುವುದಿಲ್ಲ, ಮೂಲೆಗಳು ಮಾತ್ರ ಬಾಗುತ್ತವೆ. ಬಾಗಿಲ ಚೌಕಟ್ಟು ಸಾಗಿಸುವ ಬಡಗಿ ಅದಕ್ಕೇ ಅಡ್ಡಲಾಗಿ, ಮೂಲೆಯಿಂದ ಮೂಲೆಗೆ ಒಂದು ರೀಪು ಹೊಡೆದಿರುತ್ತಾನೆ. ಸೈಟಿನ ಕತೆಯೂ ಇದೇ. ನಾಲ್ಕು ಬದಿಯ ಉದ್ದ ಗೊತ್ತಿದ್ದ ಮಾತ್ರಕ್ಕೆ ಆಕೃತಿ ನಿಲ್ಲುವುದಿಲ್ಲ. ಒಂದು ಕರ್ಣ ಬೇಕು, ಮೇಸ್ತ್ರಿಗಳು ಕ್ರಾಸ್ ಅಳತೆ ಅನ್ನುವುದು.

40 ಅಡಿ ಅಗಲ, 60 ಅಡಿ ಉದ್ದದ ಸೈಟು ತೆಗೆದುಕೊಳ್ಳಿ. ಮೂಲೆ ಮಟ್ಟಕ್ಕಿದ್ದರೆ ಎರಡೂ ಕರ್ಣ 72 ಅಡಿ ಒಂದಿಂಚು ಚಿಲ್ಲರೆ ಬರಬೇಕು, ವಿಸ್ತೀರ್ಣ 2400 ಚದರಡಿ. ಈಗ ಟೇಪು ಹಿಡಿದು ನೋಡಿದಾಗ ಒಂದು ಕರ್ಣ 68 ಅಡಿ, ಇನ್ನೊಂದು 76 ಅಡಿ ಬಂತು ಅನ್ನಿ. ಬದಿಗಳು ಪತ್ರದಲ್ಲಿದ್ದಷ್ಟೇ ಇವೆ, ಒಂದಿಂಚೂ ಕಡಿಮೆ ಇಲ್ಲ. ವಿಸ್ತೀರ್ಣ ಮಾತ್ರ 2383 ಚದರಡಿಯ ಆಸುಪಾಸಿಗೆ ಇಳಿದಿದೆ. ಹದಿನೇಳು ಚದರಡಿ ಹೋದರೆ ಹೋಗಲಿ ಎನ್ನಬಹುದು. ಆದರೆ ಚೌಕವಾಗಿ ಪಾಯ ಗುರುತು ಹಾಕಿದ ದಿನ ಮನೆಯ ಒಂದು ಮೂಲೆ ಪಕ್ಕದವರ ಜಾಗಕ್ಕೆ ನಾಲ್ಕೈದು ಅಡಿ ಚಾಚುತ್ತದೆ. ಜಗಳ ಅಲ್ಲಿಂದ ಶುರು.

ಎದುರುಬದುರು ಬದಿಗಳನ್ನು ಕೂಡಿಸಿ ಎರಡರಿಂದ ಭಾಗಿಸಿ, ಎರಡು ಸರಾಸರಿಗಳನ್ನು ಗುಣಿಸಿ ವಿಸ್ತೀರ್ಣ ಹೇಳುವುದು ನಮ್ಮಲ್ಲಿ ಬಹಳ ಹಿಂದಿನಿಂದ ಬಂದ ರೂಢಿ. ಆ ಲೆಕ್ಕ ನಿಜಕ್ಕಿಂತ ಕಡಿಮೆ ಎಂದೂ ಬರುವುದಿಲ್ಲ. ಆಕೃತಿ ಸರಿಯಾದ ಆಯತವಾಗಿದ್ದರೆ ಮಾತ್ರ ಸಮ, ಉಳಿದಂತೆ ಯಾವಾಗಲೂ ಹೆಚ್ಚು. ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಹೆಚ್ಚುವರಿಗೆ ದುಡ್ಡು ಕೊಡುವವರು ಅವರೇ.

ಟೇಪಿನ ಅಳತೆಯಿಂದ ಬಿಡಿಸುವುದು ಶಾಲೆಯಲ್ಲಿ ಕೈವಾರದಿಂದ ತ್ರಿಕೋನ ರಚಿಸಿದಂತೆಯೇ. ರಸ್ತೆ ಕಡೆಯ ಬದಿಯನ್ನು ಮೊದಲು ಎಳೆಯಿರಿ, ಅದೇ ಆಧಾರ. ಅದರ ಒಂದು ತುದಿಯಲ್ಲಿ ಪಕ್ಕದ ಬದಿಯ ಉದ್ದದಷ್ಟು ತ್ರಿಜ್ಯದ ಸರ್ಕಲ್, ಇನ್ನೊಂದು ತುದಿಯಲ್ಲಿ ಕರ್ಣದಷ್ಟು ತ್ರಿಜ್ಯದ ಸರ್ಕಲ್. ಎರಡೂ ಕತ್ತರಿಸಿದಲ್ಲಿ ಮೂರನೆಯ ಮೂಲೆ. ಅಲ್ಲಿಂದ ಒಂದು, ಕರ್ಣದ ಇನ್ನೊಂದು ತುದಿಯಿಂದ ಒಂದು ಸರ್ಕಲನ್ನು ಉಳಿದೆರಡು ಬದಿಯ ಉದ್ದಕ್ಕೆ ಹಾಕಿದರೆ ನಾಲ್ಕನೆಯದು. ಈಗ ಅಳೆದು ಬಳಸದೆ ಇಟ್ಟುಕೊಂಡ ಎರಡನೇ ಕರ್ಣವನ್ನು ನಕ್ಷೆಯಲ್ಲಿ ಅಳೆದು ನೋಡಿ. ಜಾಗದಲ್ಲಿ 76 ಇದ್ದು ನಕ್ಷೆಯಲ್ಲಿ 75 ಅಡಿ 11 ಇಂಚು ಬಂದರೆ ಟೇಪು ಸರಿಯಾಗಿ ಹಿಡಿದಿದ್ದಾರೆ ಎಂದರ್ಥ. 74 ಬಂದರೆ ಯಾವುದೋ ಒಂದು ಅಳತೆ ಸುಳ್ಳು, ಮತ್ತೆ ಜಾಗಕ್ಕೆ ಹೋಗಬೇಕು.

ಚಿತ್ರದುರ್ಗದ ಗುಡ್ಡದ ತಪ್ಪಲಿನ ಬಡಾವಣೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ನಕ್ಷೆಯಲ್ಲಿ ತೋರಿಸುವುದು ಸಮತಲದ ದೂರ. ಇಳಿಜಾರಿನ ಮೇಲೆ ಟೇಪು ಹಾಸಿ ಅಳೆದರೆ ಉದ್ದ ಹೆಚ್ಚು ಬರುತ್ತದೆ. 10 ಡಿಗ್ರಿ ಇಳಿಜಾರಿನಲ್ಲಿ 20 ಮೀಟರ್ ಅಳೆದರೆ ನಿಜವಾದ ಸಮತಲದ ದೂರ 19 ಮೀಟರ್ 70 ಸೆಂಟಿಮೀಟರ್ ಮಾತ್ರ. ಟೇಪನ್ನು ಮಟ್ಟಸವಾಗಿ ಎತ್ತಿ ಹಿಡಿದು, ತೂಗುಗುಂಡು ಬಿಟ್ಟು ಮೆಟ್ಟಿಲು ಮೆಟ್ಟಿಲಾಗಿ ಅಳೆಯಬೇಕು.

ಟಿಪ್ಪಣಿಯ ಜಾಣತನ

ಹೊಲ, ತೋಟದ ನಕ್ಷೆ ಕೇಳಿಕೊಂಡು ಬರುವ ರೈತರು ತರುವುದು ಟಿಪ್ಪಣಿ ನಕಲು. ಮಡಿಕೆಯಲ್ಲಿ ಹರಿದು, ಜೆರಾಕ್ಸಿನ ಮೇಲೆ ಜೆರಾಕ್ಸು ಆಗಿ, 3 ಯಾವುದು 8 ಯಾವುದು ಗೊತ್ತಾಗದಂತಾಗಿರುತ್ತದೆ. ಅದರ ಮೇಲಿನ ಚಿತ್ರವನ್ನು ಸ್ಕ್ಯಾನ್ ಮಾಡಿ ಅದರ ಮೇಲೆಯೇ ಗೆರೆ ಎಳೆಯಲು ಹೊಸಬರು ಹೊರಡುತ್ತಾರೆ. ಬೇಡ. ಟಿಪ್ಪಣಿ ಸ್ಕೇಲಿಗೆ ಬರೆದ ಚಿತ್ರವಲ್ಲ, ಕಣ್ಣಂದಾಜಿನ ಚಿತ್ರ. ನಂಬಬೇಕಾದದ್ದು ಅದರಲ್ಲಿನ ಅಂಕಿಗಳನ್ನು.

1863ರಲ್ಲಿ ಮೈಸೂರು ಸೀಮೆಯಲ್ಲಿ ಮುಂಬೈ ಪದ್ಧತಿಯ ಕಂದಾಯ ಸರ್ವೆ ಶುರುವಾಯಿತು. ಆ ಪದ್ಧತಿಯ ಸರಪಳಿ 33 ಅಡಿ. ಈ 33 ಎಲ್ಲಿಂದ ಬಂತು ಎಂದು ನನಗೂ ಮೊದಲು ಅರ್ಥವಾಗಿರಲಿಲ್ಲ. 33ನ್ನು 33ರಿಂದ ಗುಣಿಸಿ ನೋಡಿ: 1089. ಒಂದು ಗುಂಟೆಗೆ 1089 ಚದರಡಿ. ಅಂದರೆ ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೇ ಒಂದು ಗುಂಟೆ. ಸರಪಳಿಯಲ್ಲಿ ಅಳೆದು ಗುಣಿಸಿದರೆ ಉತ್ತರ ತಾನೇ ಗುಂಟೆಯಲ್ಲಿ ಬರುತ್ತದೆ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಬಿಸಿಲಲ್ಲಿ ನಿಂತು ಲೆಕ್ಕ ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇರಲಾರದು.

ಟಿಪ್ಪಣಿಯಲ್ಲಿ ಹೊಲದ ನಡುವೆ ಒಂದು ಉದ್ದನೆಯ ಗೆರೆ ಇರುತ್ತದೆ, ಬೇಸ್ ಲೈನ್. ಆ ಗೆರೆಯ ಮೇಲೆ ನಡೆಯುತ್ತ, ಇಷ್ಟು ದೂರ ಬಂದಾಗ ಬಲಕ್ಕೆ ಇಷ್ಟು, ಇಷ್ಟು ದೂರ ಬಂದಾಗ ಎಡಕ್ಕೆ ಇಷ್ಟು ಎಂದು ಮೂಲೆಗಳಿಗೆ ಲಂಬವಾಗಿ ಅಳೆದಿರುತ್ತಾರೆ. ಒಂದು ಉದಾಹರಣೆ ಬಿಡಿಸೋಣ. ಬೇಸ್ ಲೈನ್ 12 ಸರಪಳಿ 8 ಆಣೆ. 4 ಸರಪಳಿಯಲ್ಲಿ ಬಲಕ್ಕೆ 3 ಸರಪಳಿ, 9 ಸರಪಳಿಯಲ್ಲಿ ಎಡಕ್ಕೆ 2 ಸರಪಳಿ 8 ಆಣೆ. ಎಲ್ಲವನ್ನೂ 33ರಿಂದ ಗುಣಿಸಿ ಅಡಿಗೆ ತನ್ನಿ: ಬೇಸ್ ಲೈನ್ 412.5 ಅಡಿ, ಬಲಮೂಲೆ 132 ಅಡಿಯಲ್ಲಿ 99 ಅಡಿ ಆಚೆ, ಎಡಮೂಲೆ 297 ಅಡಿಯಲ್ಲಿ 82.5 ಅಡಿ ಆಚೆ. ಆಟೋಕ್ಯಾಡಿನಲ್ಲಿ ಬೇಸ್ ಲೈನನ್ನು ಸೊನ್ನೆಯಿಂದ ಬಲಕ್ಕೆ ಮಲಗಿಸಿದರೆ, ನಡೆಯುವವನ ಎಡಗೈ ಮೇಲೆ, ಬಲಗೈ ಕೆಳಗೆ. ಹಾಗಾಗಿ ನಾಲ್ಕು ಬಿಂದುಗಳು ಕ್ರಮವಾಗಿ 0,0 ಆಮೇಲೆ 132,-99 ಆಮೇಲೆ 412.5,0 ಕೊನೆಗೆ 297,82.5. ಬಿಂದುಗಳನ್ನು ಒಂದೇ ಗೆರೆಯಾಗಿ ಕೂಡಿಸುವ ಪಿಲೈನ್ ಕಮಾಂಡಿನಲ್ಲಿ ಇವನ್ನು ಕೊಟ್ಟು ಮುಚ್ಚಿ, ಏರಿಯಾ ಕೇಳಿದರೆ 37,434 ಚದರಡಿ ಚಿಲ್ಲರೆ ಬರುತ್ತದೆ.

ಇದೇ ಲೆಕ್ಕವನ್ನು ಕಂಪ್ಯೂಟರ್ ಇಲ್ಲದೆ ಮಾಡಿ. ಬೇಸ್ ಲೈನಿನ ಎರಡೂ ಕಡೆ ಒಂದೊಂದು ತ್ರಿಕೋನ. 12.5 ಗುಣಿಸು 3 ಮತ್ತು 2.5ರ ಮೊತ್ತ, ಅದರ ಅರ್ಧ: 34.375. ಗುಂಟೆಗೂ ಹದಿನಾರಾಣೆ, ಅಂದರೆ 34 ಗುಂಟೆ 6 ಆಣೆ. ಚದರಡಿಯನ್ನು 1089ರಿಂದ ಭಾಗಿಸಿದರೂ ಇದೇ. ಈ ಉತ್ತರವನ್ನು ಪಹಣಿಯ, ಮತ್ತು ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯ ಬರೆದಿಡುವ ದಾಖಲೆಯಾದ ಆಕಾರ್‌ಬಂದ್‌ನ ವಿಸ್ತೀರ್ಣದ ಪಕ್ಕ ಇಟ್ಟು ನೋಡಬೇಕು; ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಸೇರಿದೆಯೋ ಬಿಟ್ಟಿದೆಯೋ ಎಂಬುದನ್ನೂ ನೋಡಬೇಕು. ತಾಳೆಯಾಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಜೆರಾಕ್ಸಿನಲ್ಲಿ ಮಸುಕಾದ ಆ 3 ಮತ್ತು 8ನ್ನು.

ಕೊನೆಯ ಗೆರೆಯನ್ನು ಮುಚ್ಚಬೇಡಿ

ಸುತ್ತಲೂ ದಿಕ್ಕು ಮತ್ತು ದೂರ ಅಳೆದು ತಂದ ಅಳತೆಯಾದರೆ, ಅಂದರೆ ಟ್ರಾವರ್ಸ್ ಆದರೆ, ಮೊದಲು ಕೋನದ ಭಾಷೆ ಹೊಂದಿಸಬೇಕು. ಸರ್ವೆಯಲ್ಲಿ ಕೋನ ಉತ್ತರದಿಂದ ಶುರುವಾಗಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಆಟೋಕ್ಯಾಡಿನಲ್ಲಿ ಪೂರ್ವದಿಂದ ಶುರುವಾಗಿ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಸರ್ವೆಯ 75 ಡಿಗ್ರಿ ಇಲ್ಲಿ 15 ಡಿಗ್ರಿ. 90ರಿಂದ ಕಳೆದರೆ ಆಯಿತು. ಯೂನಿಟ್ಸ್‌ನಲ್ಲಿ ಶುರುವಿನ ದಿಕ್ಕನ್ನು ಉತ್ತರ ಎಂದೂ, ಸುತ್ತುವುದನ್ನು ಕ್ಲಾಕ್‌ವೈಸ್ ಎಂದೂ ಬದಲಾಯಿಸಿಕೊಂಡರೆ ಕಳೆಯುವ ಕೆಲಸವೂ ಇಲ್ಲ.

ನಾಲ್ಕೂ ಗೆರೆ ಎಳೆಯುತ್ತ ಬಂದಾಗ ಕೊನೆಯದಕ್ಕೆ ಎಲ್ಲರ ಬೆರಳೂ ಸಿ ಅಕ್ಷರದ ಮೇಲೆ ಹೋಗುತ್ತದೆ. ಅದು ಕ್ಲೋಸ್, ಶುರು ಮಾಡಿದ ಬಿಂದುವಿಗೆ ತಂದು ಕೂಡಿಸಿಬಿಡುತ್ತದೆ. ದಯವಿಟ್ಟು ಒತ್ತಬೇಡಿ. ಕೊನೆಯ ಗೆರೆಯನ್ನೂ ಅಳೆದ ದಿಕ್ಕು, ಅಳೆದ ದೂರಕ್ಕೇ ಎಳೆಯಿರಿ. ಆಮೇಲೆ ಆ ಮೂಲೆಗೆ ಝೂಮ್ ಮಾಡಿ ನೋಡಿ. ಗೆರೆಯ ತುದಿ ಶುರುವಿನ ಬಿಂದುವಿಗೆ ಸರಿಯಾಗಿ ಬಂದು ಕೂರುವುದಿಲ್ಲ, ಸಣ್ಣದೊಂದು ಸಂದು ಇರುತ್ತದೆ. ನಿಮ್ಮ ಸರ್ವೆ ಎಷ್ಟು ಒಳ್ಳೆಯದು ಎಂದು ಹೇಳುವುದು ಆ ಸಂದು. ಸಿ ಒತ್ತಿದರೆ ಇಡೀ ಸುತ್ತಿನ ತಪ್ಪೆಲ್ಲ ಕೊನೆಯ ಒಂದು ಬದಿಯೊಳಗೆ ಅಡಗಿ ಕೂರುತ್ತದೆ.

ಸುತ್ತಳತೆ 61.5 ಮೀಟರ್, ಸಂದು 12 ಮಿಲಿಮೀಟರ್ ಅನ್ನಿ. ಐದು ಸಾವಿರದಲ್ಲಿ ಒಂದು ಭಾಗದ ತಪ್ಪು, ಸೈಟಿಗೆ ಇದು ಧಾರಾಳ ಸಾಕು. ಇದನ್ನು ಬದಿಗಳ ಉದ್ದಕ್ಕೆ ತಕ್ಕಂತೆ ಹಂಚುತ್ತಾರೆ, 18.44 ಮೀಟರಿನ ಬದಿಗೆ 3.6 ಮಿಲಿಮೀಟರ್, 12.89 ಮೀಟರಿನದಕ್ಕೆ 2.5. ಬೌಡಿಚ್ ನಿಯಮ ಎಂದು ಇದರ ಹೆಸರು. ಅದೇ ಸಂದು 30 ಸೆಂಟಿಮೀಟರ್ ಇದ್ದರೆ ಹಂಚುವುದು ಮಹಾ ತಪ್ಪು. ಅಷ್ಟು ದೊಡ್ಡದು ಕೈನಡುಕದಿಂದ ಬರುವುದಿಲ್ಲ, ಯಾರೋ ಒಂದು ಅಂಕಿಯನ್ನು ತಪ್ಪಾಗಿ ಓದಿದ್ದಾರೆ ಅಥವಾ ಬರೆದಿದ್ದಾರೆ. ಆಗ ಸಂದು ಯಾವ ದಿಕ್ಕಿಗೆ ಬಾಯಿ ಬಿಟ್ಟಿದೆ ನೋಡಿ. ಅದು ಯಾವುದಾದರೂ ಒಂದು ಬದಿಗೆ ಸಮಾಂತರವಾಗಿದ್ದರೆ ಆ ಬದಿಯ ಉದ್ದವನ್ನೇ ಮೊದಲು ಅನುಮಾನಿಸಿ. ಹಾಗಿಲ್ಲದಿದ್ದರೆ ತಪ್ಪು ಯಾವುದೋ ಮೂಲೆಯ ಕೋನದಲ್ಲಿರಬಹುದು. ಸಂದಿನ ಎರಡು ತುದಿ ಕೂಡಿಸುವ ಗೆರೆಗೆ ನಡುವಿನಿಂದ ಲಂಬ ಎಳೆದರೆ ಅದು ಹೋಗಿ ಆ ಮೂಲೆಯನ್ನೇ ಮುಟ್ಟುತ್ತದೆ. ಎಷ್ಟೋ ಸಲ ಈ ಎರಡು ಉಪಾಯ ನನಗೆ ಮತ್ತೊಂದು ದಿನದ ಸರ್ವೆ ಉಳಿಸಿಕೊಟ್ಟಿವೆ.

ಬಿಂದುಗಳ ಫೈಲು

ಈಗ ಹೆಚ್ಚಾಗಿ ಬರುವುದು ಬಿಂದುಗಳ ಪಟ್ಟಿ. ಎಕ್ಸೆಲ್‌ನಲ್ಲಿ ಈಸ್ಟಿಂಗ್, ಅಲ್ಪವಿರಾಮ, ನಾರ್ಥಿಂಗ್ ಮೂರನ್ನೂ ಸೇರಿಸಿ ಒಂದು ಕಾಲಮ್ಮು ಮಾಡಿ, ಪಿಲೈನ್ ಎಂದು ಕೊಟ್ಟು ಕಮಾಂಡ್ ಸಾಲಿನಲ್ಲಿ ಅಂಟಿಸಿದರೆ ಗಡಿ ಒಮ್ಮೆಗೇ ಮೂಡುತ್ತದೆ. ಗೆರೆಗಳು ಒಂದರ ಮೇಲೊಂದು ಹಾದು ಗಾಳಿಪಟದಂತೆ ಕಂಡರೆ ಬಿಂದುಗಳ ಕ್ರಮ ತಪ್ಪಿದೆ. ಸರ್ವೆಯವರು ತಮಗೆ ಕಂಡ ಕ್ರಮದಲ್ಲಿ ಬಿಂದು ಹಿಡಿದಿರುತ್ತಾರೆ, ಗಡಿಯ ಕ್ರಮದಲ್ಲಲ್ಲ. ಎರಡನೇ ಬಿಂದು ಎಲ್ಲೋ ಆಕಾಶಕ್ಕೆ ಹಾರಿಹೋದರೆ ಡೈನಮಿಕ್ ಇನ್‌ಪುಟ್ ಚಾಲೂ ಇದೆ ಎಂದರ್ಥ. ಕರ್ಸರಿನ ಪಕ್ಕದ ಆ ಪೆಟ್ಟಿಗೆ ಎರಡನೇ ಬಿಂದುವನ್ನು ಮೊದಲನೆಯದರಿಂದ ಎಣಿಸುತ್ತದೆ. ಎಫ್12 ಒತ್ತಿ ಆರಿಸಿ.

ಹೆಸರಿಲ್ಲದ ಕಾಲಮ್ಮುಗಳಲ್ಲಿ ಈಸ್ಟಿಂಗ್ ಯಾವುದು? ಉಪಗ್ರಹದ ನೆರವಿನಿಂದ ಅಳೆದ ಯುಟಿಎಂ ಅಂಕಿಯಾದರೆ ಸುಲಭ. ಯುಟಿಎಂ ಅಂದರೆ ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹೋಳು ಮಾಡಿ, ಪ್ರತಿ ಬಿಂದುವಿಗೂ ಮೀಟರಿನಲ್ಲಿ ಅಂಕಿ ಕೊಡುವ ಪದ್ಧತಿ. ದಾವಣಗೆರೆ, ಚಿತ್ರದುರ್ಗ ಎರಡೂ 43ನೇ ವಲಯದಲ್ಲಿವೆ, ಅದರ ನಡುಗೆರೆ 75 ಡಿಗ್ರಿ ರೇಖಾಂಶ. ದಾವಣಗೆರೆಯಲ್ಲಿ ಈಸ್ಟಿಂಗ್ ಸುಮಾರು 6 ಲಕ್ಷ ಮೀಟರ್, ಆರಂಕಿ. ನಾರ್ಥಿಂಗ್ ಸುಮಾರು 16 ಲಕ್ಷ, ಏಳಂಕಿ. ತಪ್ಪುವ ಮಾತೇ ಇಲ್ಲ. ಕಷ್ಟ ಬರುವುದು ಸರ್ವೆಯವರು ಶುರುವಿನ ಬಿಂದುವಿಗೆ 1000, 1000 ಎಂದು ತಾವೇ ಅಂಕಿ ಕೊಟ್ಟಾಗ. ನನ್ನ ಶಾಮನೂರಿನ ಫೈಲು ಅಂಥದ್ದು. ಈಗ ಸರ್ವೆಗೆ ಹೊರಡುವವರಿಗೆ ನಾನು ಮೊದಲೇ ಹೇಳುತ್ತೇನೆ: ಪೂರ್ವಕ್ಕೆ 1000, ಉತ್ತರಕ್ಕೆ 5000 ಕೊಡ್ರಿ, ನೋಡಿದ ಕೂಡಲೇ ಗೊತ್ತಾಗ್ತೈತಿ.

ಯುಟಿಎಂ ಅಂಕಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ದುಂಡನೆಯ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ದೂರಗಳು ತುಸು ಕುಗ್ಗುತ್ತವೆ. ದಾವಣಗೆರೆಯಲ್ಲಿ 100 ಮೀಟರಿಗೆ ಮೂರು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. 60 ಅಡಿ ಸೈಟಿನಲ್ಲಿ ಅರ್ಧ ಸೆಂಟಿಮೀಟರ್, ಬಿಟ್ಟುಬಿಡಬಹುದು. ಒಂದು ಕಿಲೋಮೀಟರ್ ಉದ್ದದ ಬಡಾವಣೆಯಲ್ಲಿ ಮಾತ್ರ ಸುಮಾರು 28 ಸೆಂಟಿಮೀಟರ್ ಆಗುತ್ತದೆ, ಅಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಮತ್ತೆ, ಮೊಬೈಲಿನ ಜಿಪಿಎಸ್‌ನಲ್ಲಿ ಮೂಲೆ ಹಿಡಿದುಕೊಂಡು ಬಂದಿದ್ದೇನೆ ಎನ್ನುವವರಿಗೆ ಕೈಮುಗಿದು ಹೇಳುವುದು: ಅದು ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ, ನಿಮ್ಮ ಸೈಟಿನ ಅಗಲವೇ 12 ಮೀಟರ್.

ಬಿಂದುಗಳು ಕೂತ ಮೇಲೆ ಗಡಿಯನ್ನು ಹಾಳೆಗೆ ನೆಟ್ಟಗೆ ಕಾಣಲೆಂದು ತಿರುಗಿಸುವ ಆಸೆ ಬೇಡ. ತಿರುಗಿಸಿದರೆ ಬಿಂದುಗಳು ತಮ್ಮ ನಿಜವಾದ ಜಾಗ ಕಳೆದುಕೊಳ್ಳುತ್ತವೆ, ನಾಳೆ ಪಕ್ಕದ ಸೈಟಿನ ಸರ್ವೆ ಬಂದಾಗ ಎರಡೂ ಕೂಡುವುದಿಲ್ಲ. ನೋಟವನ್ನು ತಿರುಗಿಸಿಕೊಳ್ಳಬಹುದು, ಎಕ್ಸ್, ವೈ ದಿಕ್ಕನ್ನು ಬೇಕಾದಂತೆ ಇಟ್ಟುಕೊಳ್ಳುವ ಯುಸಿಎಸ್ ಕಮಾಂಡು ಅದಕ್ಕೇ ಇರುವುದು. ಗಡಿಗೊಂದು, ರಸ್ತೆಗೊಂದು, ಕಟ್ಟಡಕ್ಕೊಂದು, ಬರಹಕ್ಕೊಂದು ಲೇಯರ್, ಅಂದರೆ ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಯಂಥ ಪದರ, ಇರಲಿ. ಹಳ್ಳ, ದಾರಿಯಂಥ ಬಿ ಖರಾಬು ಇದ್ದರೆ ಅದಕ್ಕೆ ಬೇರೆಯದೇ ಲೇಯರ್. ಪತ್ರದ ಅಳತೆ ಮತ್ತು ಜಾಗದ ಅಳತೆ ಬೇರೆಯಾದರೆ ಎರಡನ್ನೂ ಬರೆಯಿರಿ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವ ಹಕ್ಕು ನಕ್ಷೆ ಬಿಡಿಸುವವನಿಗೆ ಇಲ್ಲ. ಕಲ್ಲು ಎಲ್ಲಿರಬೇಕು ಎಂದು ತಕರಾರು ಬಂದರೆ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಿಕೊಡಲು, ಅರ್ಜಿ ಹಾಕಿ, ಸರ್ಕಾರಿ ಭೂಮಾಪಕರೇ ಬಂದು ತೋರಿಸಬೇಕು. ನಮ್ಮ ಎರೆಭೂಮಿಯಲ್ಲಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು ಕಲ್ಲನ್ನು ವಾಲಿಸುವುದೂ ಉಂಟು. ವಾಲಿದ ಕಲ್ಲಿನ ತಲೆಯನ್ನು ಹಿಡಿದು ಅಳೆದರೆ ಒಂದು ಅಳತೆ, ಬುಡವನ್ನು ಹಿಡಿದರೆ ಇನ್ನೊಂದು.

ಪ್ರಿಂಟ್ ತೆಗೆಯುವಾಗ ಫಿಟ್ ಟು ಪೇಪರ್ ಎಂಬುದನ್ನು ಬಿಟ್ಟು ಸ್ಕೇಲ್ ಕೊಡಿ. 40-60ರ ಸೈಟು 1:100ರಲ್ಲಿ ಎ4 ಹಾಳೆಯಲ್ಲಿ ಸಲೀಸಾಗಿ ಕೂರುತ್ತದೆ; 60 ಅಡಿ ಅಂದರೆ 18.29 ಮೀಟರ್, ಹಾಳೆಯ ಮೇಲೆ 18.3 ಸೆಂಟಿಮೀಟರ್. ಶಾಲೆಯ ಹುಡುಗರ ಸ್ಕೇಲನ್ನು ಅದರ ಮೇಲಿಟ್ಟು ನೋಡಿ. 17.6 ತೋರಿಸಿದರೆ ಪ್ರಿಂಟರು ಕುಗ್ಗಿಸಿದೆ. ಮೂಲೆಯಲ್ಲಿ ಅಳತೆಪಟ್ಟಿಯ ಚಿತ್ರವನ್ನೂ ಹಾಕಿರುತ್ತೇನೆ, ಮುಂದೆ ಯಾರಾದರೂ ಜೆರಾಕ್ಸಿನಲ್ಲಿ ಹಿಗ್ಗಿಸಿದರೂ ಅದೂ ಜೊತೆಗೇ ಹಿಗ್ಗುತ್ತದೆ.

ಆಮೇಲೆ ಹಾಳೆ ಹಿಡಿದು ಒಮ್ಮೆ ಜಾಗಕ್ಕೆ ಹೋಗುತ್ತೇನೆ. ನಕ್ಷೆ ಬಿಡಿಸಲು ಬಳಸದ ಒಂದು ಅಳತೆ ಆರಿಸಿಕೊಂಡಿರುತ್ತೇನೆ, ಹೆಚ್ಚಾಗಿ ಕರೆಂಟ್ ಕಂಬದ ಬುಡದಿಂದ ದೂರದ ಮೂಲೆಯ ಕಲ್ಲಿನವರೆಗೆ. ಟೇಪಿನ ಒಂದು ತುದಿ ಯಜಮಾನರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅವರು ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ, ನಾನು ಹಾಳೆಯಲ್ಲಿ ನೋಡುತ್ತೇನೆ. ಎರಡೂ ಕೂಡಿದ ಮೇಲೆ ಸಹಿ ಹಾಕಿ, ಅಳೆದ ತಾರೀಖು ಬರೆದು ಕೊಡುತ್ತೇನೆ.